ಹೊಟ್ಟೆಗೆ ಹಾಕಿಕೊಂಡದ್ದು

“ಮೈಮೇಲೆ ಲೋಹ ಏನೂ ಇರಬಾರದು ಅಂತ ಹೇಳಿದ್ನಲ್ಲಮ್ಮ,” ಎಂದು ಎಕ್ಸ್‌ರೇ ತೆಗೆಯುವವನು ಎರಡನೇ ಸಲ ರೇಗಿದ.

ಟೈಲರಕ್ಕನಿಗೂ ಪಿತ್ತ ನೆತ್ತಿಗೇರಿತು. ಆಗ ಅವಳ ಮೈಮೇಲಿದ್ದದ್ದು ಆಸ್ಪತ್ರೆಯವರು ಕೊಟ್ಟ ಒಂದು ನೀಲಿ ನಿಲುವಂಗಿ ಮಾತ್ರ. ಬೆನ್ನಿಗೆ ಎರಡು ಲಾಡಿ, ಗುಂಡಿಯಿಲ್ಲ, ಕೊಕ್ಕೆಯಿಲ್ಲ, ಒಂದು ತೋಳು ಉದ್ದ, ಒಂದು ತೋಳು ಗಿಡ್ಡ. ಅದನ್ನು ಹೊಲಿದ ಪುಣ್ಯಾತ್ಮನನ್ನು ಕರೆಸಿ ಕಿವಿ ಹಿಂಡಬೇಕು ಎಂದು ತೊಟ್ಟಾಗಿನಿಂದ ಅಂದುಕೊಳ್ಳುತ್ತಿದ್ದಳು.

“ಲೋಹ ಎಲ್ಲಿದೆಯಪ್ಪ? ಬಳೆ, ಸರ, ವಾಚು ಎಲ್ಲಾ ಹೊರಗೆ ನಿನ್ನ ಟ್ರೇನಲ್ಲೇ ಇವೆ. ಇನ್ನು ಹಲ್ಲು ಕಿತ್ತು ಕೊಡ್ಲಾ?”

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಬಲಗಡೆಯ ಪಕ್ಕೆಲುಬುಗಳ ನಡುವೆ ಒಂದು ಬಿಳಿ ಚುಕ್ಕೆ ದುಂಡಗೆ ಕೂತಿತ್ತು. “ಹಾಗಾದ್ರೆ ಇದೇನು?” ಎಂದು ಕೇಳಿ, ಈ ಸಲ ಅವಳನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ ತೆಗೆದ. ಚುಕ್ಕೆ ಎದೆಯ ಮೇಲೂ ಇರಲಿಲ್ಲ, ಬೆನ್ನಿನ ಮೇಲೂ ಇರಲಿಲ್ಲ. ಎರಡರ ನಡುವೆ, ಒಳಗೆ ಇತ್ತು. ಅವನ ರೇಗಾಟ ಅಲ್ಲಿಗೆ ನಿಂತಿತು. “ಕೂತ್ಕೊಳ್ಳಿ ಅಮ್ಮ,” ಎಂದು ತಾನೇ ಕುರ್ಚಿ ಎಳೆದುಕೊಟ್ಟ. ಆ ಮರ್ಯಾದೆ ಕಂಡೇ ಟೈಲರಕ್ಕನಿಗೆ ಭಯ ಹತ್ತಿದ್ದು.

ನಿಜ ಹೇಳಬೇಕೆಂದರೆ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಕಾಯಿಲೆಗಲ್ಲ, ಹಾಡಿಗೆ. ಐವತ್ತು ಹತ್ತಿರ ಬಂದಾಗ ಹಾಡು ಕಲಿಯಲು ಹೊರಟವಳನ್ನು ನೋಡಿ ಬೀದಿಯವರು ಮುಸಿಮುಸಿ ನಕ್ಕಿದ್ದರು. ಲಾರಿ ಓಡಿಸುವ ಗಂಡ ಮಾತ್ರ, “ನಾನು ಊರಲ್ಲಿಲ್ಲದ ದಿನ ಅಭ್ಯಾಸ ಮಾಡ್ಕೋ, ನಂದೇನೂ ಅಭ್ಯಂತರ ಇಲ್ಲ,” ಎಂದು ದೊಡ್ಡ ಮನಸ್ಸು ಮಾಡಿದ್ದ. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಹಾಡಿನ ಮೇಷ್ಟ್ರ ತರಗತಿ. ಆ ಮೇಷ್ಟ್ರೋ, ಶುರುವಿನಲ್ಲಿ ಒಂದು ಸಾಲನ್ನೂ ಹಾಡಿಸಲಿಲ್ಲ. ನೆಲದ ಮೇಲೆ ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಒಂದು ದಪ್ಪ ಪುಸ್ತಕ ಇಟ್ಟರು.

“ಉಸಿರು ಎಳ್ಕೊಂಡಾಗ ಪುಸ್ತಕ ಮೇಲೇಳಬೇಕು, ಹೆಗಲು ಏಳಬಾರದು. ಹೆಗಲಲ್ಲಿ ಉಸಿರಾಡೋರು ಓಡೋ ಬಸ್ಸು ಹತ್ತೋರ ಥರ. ಜೀವಮಾನವೆಲ್ಲ ಏದುಸಿರೇ,” ಎನ್ನುತ್ತಿದ್ದರು.

ಆಮೇಲೆ ಹಲ್ಲುಗಳ ನಡುವಿನಿಂದ ‘ಸ್’ ಎಂದು ಉಸಿರು ಬಿಡುವ ಪಾಠ. ಒಂದೇ ದಪ್ಪ ಇರಬೇಕು, ನಡುವೆ ಗಂಟು ಬೀಳಬಾರದು, ನೂಲು ಬಿಟ್ಟ ಹಾಗೆ ಬಿಡಬೇಕು. ನೂಲು ಎಂದಾಗ ಟೈಲರಕ್ಕನಿಗೆ ಥಟ್ಟನೆ ಅರ್ಥವಾಯಿತು. ಅರ್ಥವಾಗಿ ಏನು ಬಂತು? ಅವಳ ನಂತರ ಸೇರಿದ ಹುಡುಗಿಯರ ನೂಲು ಕೋಣೆಯ ಆ ಗೋಡೆಯವರೆಗೆ ಹೋದರೆ, ಅವಳದ್ದು ಅರ್ಧಕ್ಕೇ ತುಂಡಾಗುತ್ತಿತ್ತು. ತುಂಡಾಗುವ ಮುಂಚೆ ಎದೆಯೊಳಗಿನಿಂದ ಒಂದು ಸಣ್ಣ ಸೀಟಿ. ಉಬ್ಬಸ ಎಂದು ಎಷ್ಟೋ ವರ್ಷಗಳಿಂದ ಔಷಧಿ ಸೇದುತ್ತಿದ್ದಳು, ಸೀಟಿ ಮಾತ್ರ ಜಪ್ಪಯ್ಯ ಅಂದಿರಲಿಲ್ಲ. ಮೇಷ್ಟ್ರು ಒಂದು ದಿನ ಅವಳ ಬೆನ್ನ ಹಿಂದೆ ನಿಂತು ಕಿವಿಗೊಟ್ಟು ಕೇಳಿದರು. “ಇದು ಗಂಟಲಿನ ಸದ್ದಲ್ಲ. ನನ್ನ ಪಾಠಕ್ಕೆ ಬಗ್ಗೋದೂ ಅಲ್ಲ. ಎದೆಯ ಫೋಟೋ ತೆಗೆಸಿಕೊಂಡು ಬನ್ನಿ,” ಎಂದರು.

ಆ ಫೋಟೋವನ್ನು ಈಗ ಡಾಕ್ಟರು ಬೆಳಕಿಗೆ ಹಿಡಿದು ನೋಡುತ್ತಿದ್ದರು.

“ಉಸಿರಿನ ಕೊಳವೇಲಿ ಏನೋ ಸಿಕ್ಕೊಂಡಿದೆ. ದುಂಡಗಿದೆ, ಕಿವಿಯೋಲೆಯಷ್ಟಿದೆ. ತುಂಬ ಹಳೇದು, ಸುತ್ತಲೂ ಮಾಂಸ ಬೆಳೆದಿರೋ ಹಾಗಿದೆ. ಚಿಕ್ಕಂದಿನಲ್ಲಿ ಏನಾದ್ರೂ ಬಾಯಿಗೆ ಹಾಕ್ಕೊಂಡಿದ್ರಾ?”

ಕಿವಿಯೋಲೆ ಎಂಬ ಮಾತು ಬಿದ್ದದ್ದೇ ತಡ, ಟೈಲರಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಡಾಕ್ಟರು ಮುಂದೆ ಹೇಳಿದ್ದು ಯಾವುದೂ ಅವಳ ತಲೆಗೆ ಹೋಗಲಿಲ್ಲ.

ಆಗ ಪುಟ್ಟಿ ಎಂದು ಕರೆಸಿಕೊಳ್ಳುತ್ತಿದ್ದ ಅವಳಿಗೆ ಏಳು ವರ್ಷ. ಮನೆಯಲ್ಲಿ ಅಪ್ಪನ ತಂಗಿ ಇದ್ದಳು, ಅತ್ತೆ. ಪಾತ್ರೆ ತೊಳೆಯುವಾಗ ಹಾಡು, ಬಟ್ಟೆ ಹಿಂಡುವಾಗ ಹಾಡು, ನೆಲ ಒರೆಸುವಾಗಲೂ ಹಾಡು. ಪುಟ್ಟಿಯನ್ನು ಕಿಟಕಿಯ ಹತ್ತಿರ ನಿಲ್ಲಿಸಿಕೊಂಡು, “ಹೊಟ್ಟೆ ತುಂಬ ಉಸಿರು ಎಳ್ಕೋ, ಬಾಯಿ ತುಂಬ ಬಿಡು,” ಎಂದು ಹೇಳಿಕೊಡುತ್ತಿದ್ದಳು. ಪುಟ್ಟಿಗೋ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಚಟ. ಚಳಿ ಇನ್ನೂ ಪೂರ್ತಿ ಬಿಡದ ಒಂದು ಮಧ್ಯಾಹ್ನ ಅಮ್ಮ ಸ್ನಾನ ಮುಗಿಸಿ ಬಂದು ನೋಡಿದರೆ, ಆ ಕಿಟಕಿಯ ಕಟ್ಟೆಯ ಮೇಲೆ ಬಿಚ್ಚಿಟ್ಟ ಹರಳಿನ ಓಲೆಗಳಲ್ಲಿ ಒಂದೇ ಒಂದು ಇತ್ತು. “ನನ್ನ ಕೈಯಾರೆ ಎರಡೂ ಬಿಚ್ಚಿಟ್ಟಿದ್ದೀನಿ,” ಎಂದು ಅಮ್ಮ ಆಣೆ ಮಾಡಿದಳು. ಕಿಟಕಿಯ ಹತ್ತಿರ ಇದ್ದವರು ಅತ್ತೆ ಮತ್ತು ಪುಟ್ಟಿ. ಏಳು ವರ್ಷದ ಮಗುವನ್ನು ಯಾರು ಅನುಮಾನಿಸುತ್ತಾರೆ?

ಅತ್ತೆಯ ಪೆಟ್ಟಿಗೆಯನ್ನು ನಡುಮನೆಗೆ ತಂದು ಸುರಿದರು. ಅಕ್ಕಪಕ್ಕದವರು ಬಾಗಿಲಲ್ಲಿ ನಿಂತು ಅವಳ ಒಳಬಟ್ಟೆಯವರೆಗೆ ನೋಡಿದರು. “ನಾನು ತೆಗೆದಿಲ್ಲ ಅತ್ತಿಗೆ,” ಎಂದಷ್ಟೇ ಅತ್ತೆ ಹೇಳಿದ್ದು. ಮರುದಿನ ಬೆಳಿಗ್ಗೆ ಅವಳು ಮನೆ ಬಿಟ್ಟು ಹೋದಳು. ಆಮೇಲೆ ನೆಂಟರ ಬಾಯಲ್ಲಿ ಅವಳಿಗೆ ಹೆಸರೇ ಉಳಿಯಲಿಲ್ಲ, ‘ಆ ಓಲೆ ಕಳ್ಳಿ’ ಎಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಅಪ್ಪ ತೀರಿಕೊಂಡ ದಿನ ಅಣ್ಣನ ಮುಖ ನೋಡಲು ಬಂದವಳನ್ನು ಕಂಡು ಗೇಟಿನ ಬಳಿ ಇದ್ದ ಹೆಂಗಸರು ಕತ್ತಿನ ಸರದ ಮೇಲೆ ಕೈ ಇಟ್ಟುಕೊಂಡಿದ್ದರು. ಅತ್ತೆ ಅದನ್ನು ನೋಡಿ ಅಲ್ಲಿಂದಲೇ ತಿರುಗಿ ಹೋಗಿದ್ದಳು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಹಾಗಾಗಿತ್ತು ಕಥೆ. ಊರೆಲ್ಲ ಹುಡುಕಿದ ಓಲೆ ಇಷ್ಟು ವರ್ಷ ತನ್ನ ಎದೆಯೊಳಗೇ ಇತ್ತು. ಅತ್ತೆ ‘ಉಸಿರು ಎಳ್ಕೋ’ ಅಂದಳು, ಬಾಯಲ್ಲಿ ಓಲೆ ಇಟ್ಟುಕೊಂಡಿದ್ದ ತಾನು ಎಳೆದುಕೊಂಡಳು. ಕಳ್ಳಿ ಅತ್ತೆಯಲ್ಲ, ತಾನು. ಟೈಲರಕ್ಕ ಆಸ್ಪತ್ರೆಯ ಹೊರಗೆ ಬಸ್ಸಿಗೆ ಕಾಯುವವರ ಬೆಂಚಿನ ಮೇಲೆ ಕೂತಳು. ಅವಳು ಹತ್ತಬೇಕಾದ ಬಸ್ಸು ಬಂತು, ಹೋಯಿತು. ಮತ್ತೊಂದು ಬಂತು, ಅದೂ ಹೋಯಿತು.

ಗಂಟಲಿನಿಂದ ಒಳಗೆ ಕೊಳವೆ ಬಿಟ್ಟು ಅದನ್ನು ತೆಗೆಯಲು ಮುಂದಿನ ವಾರ ದಿನ ಗೊತ್ತಾಗಿತ್ತು. ಅಪಾಯವಿಲ್ಲದೆ ಇಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅವಳಿಗೆ ಅಪಾಯದ ಯೋಚನೆಯೇ ಇರಲಿಲ್ಲ, ಹಾಡಿನ ಯೋಚನೆಯೂ ಇರಲಿಲ್ಲ. ಆ ಓಲೆ ಕೈಗೆ ಬರಬೇಕು. ಅದನ್ನು ಅಂಗೈಯಲ್ಲಿಟ್ಟುಕೊಂಡು ಮೊದಲು ಅತ್ತೆಯ ಬಾಗಿಲಿಗೆ, ಆಮೇಲೆ ಒಬ್ಬೊಬ್ಬ ನೆಂಟರ ಬಾಗಿಲಿಗೂ ಹೋಗಬೇಕು. ಅತ್ತೆ ಕಣ್ಣು ಮುಚ್ಚುವುದರೊಳಗೆ ಅವಳ ಮೇಲಿನ ಕಳಂಕ ಹೋಗಬೇಕು. ಇಷ್ಟೇ ಅವಳಿಗೆ ಬೇಕಾಗಿದ್ದದ್ದು.

ಮನೆಗೆ ಬಂದಾಗ, ಮಗಳ ಜೊತೆಯಲ್ಲೇ ಇದ್ದ ಅಮ್ಮ ಹೊಲಿಗೆ ಮಿಷನ್ನಿನ ಪಕ್ಕ ಕೂತು ಒಂದು ಹಳೆ ಕೋಟಿನ ಹೊಲಿಗೆ ಬಿಚ್ಚುತ್ತಿದ್ದಳು. ಎಂಬತ್ತು ದಾಟಿದರೂ ಅವಳ ಕೈ ನಡುಗುತ್ತಿರಲಿಲ್ಲ. ಎದೆಯಲ್ಲಿ ಏನೋ ಇದೆ ಎಂದಾಗ ಬ್ಲೇಡು ಕೆಳಗಿಟ್ಟು ಮಗಳ ಬೆನ್ನು ಸವರಿದಳು. ಟೈಲರಕ್ಕ ಅತ್ತುಕೊಂಡೇ ಉಳಿದದ್ದನ್ನೂ ಹೇಳಿದಳು.

“ಅಮ್ಮ, ಅದು ನಿನ್ನ ಓಲೆ. ಅತ್ತೆ ತೆಗೆದಿರಲಿಲ್ಲ. ನಾನೇ ನುಂಗಿದ್ದೆ.”

ಬೆನ್ನು ಸವರುತ್ತಿದ್ದ ಕೈ ನಿಂತಿತು. “ಅದು ಓಲೆ ಅಲ್ಲ,” ಎಂದಳು ಅಮ್ಮ.

“ದುಂಡಗಿದೆ ಅಂದ್ರು. ಕಿವಿಯೋಲೆಯಷ್ಟೇ ಇದೆ ಅಂದ್ರು.”

“ಅಲ್ಲ ಅಂದ್ರೆ ಅಲ್ಲ ಪುಟ್ಟಿ. ಸುಮ್ನೆ ತಲೆ ಕೆಡಿಸ್ಕೋಬೇಡ. ಮೊದಲು ಅದು ಏನಾದ್ರೂ ಆಗ್ಲಿ, ಹೊರಗೆ ಬರ್ಲಿ,” ಎಂದು ಮತ್ತೆ ಬ್ಲೇಡು ಎತ್ತಿಕೊಂಡಳು. ಮುದುಕಿಗೆ ತನ್ನ ತಪ್ಪು ಒಪ್ಪಿಕೊಳ್ಳುವುದು ಕಷ್ಟ, ಅದಕ್ಕೇ ಹೀಗೆ ಸಾಧಿಸುತ್ತಿದ್ದಾಳೆ ಎಂದುಕೊಂಡು ಟೈಲರಕ್ಕ ಸುಮ್ಮನಾದಳು.

ವಾರ ಕಳೆಯಿತು. ಎಚ್ಚರ ತಪ್ಪಿಸಿ, ಕೊಳವೆ ಬಿಟ್ಟು, ಅದನ್ನು ತೆಗೆದರು. ಎಚ್ಚರವಾದ ಮೇಲೆ ಡಾಕ್ಟರು ನಗುನಗುತ್ತ ಬಂದು ಒಂದು ಪುಟ್ಟ ಸೀಸೆಯನ್ನು ಅವಳ ಕಣ್ಣ ಮುಂದೆ ಹಿಡಿದರು. ಒಳಗೆ ಕಪ್ಪಗಾದ ಒಂದು ಬಿಲ್ಲೆ. ಹರಳಿಲ್ಲ, ಚಿನ್ನವಿಲ್ಲ. ಅಂಚಿನಲ್ಲಿ ನಾಲ್ಕು ತೂತು.

ಇದನ್ನು ಗುರುತಿಸಲು ಅವಳಿಗೆ ಡಾಕ್ಟರು ಬೇಕಾಗಿರಲಿಲ್ಲ. ಒತ್ತಿ ಕೂಡಿಸುವ ಟಿಚ್ ಗುಂಡಿಯ ಒಂದು ಅರ್ಧ. ಬಟ್ಟೆಗೆ ಗುಂಡಿ ಹಚ್ಚುವಾಗ ಒಂದು ಅರ್ಧವನ್ನು ಕೈಯಲ್ಲಿ, ಇನ್ನೊಂದು ಅರ್ಧವನ್ನು ತುಟಿಗಳ ನಡುವೆ ಇಟ್ಟುಕೊಳ್ಳುವುದು ಅವಳ ಕೆಲಸದ ರೀತಿ. ಗಿರಾಕಿಗಳ ಜೊತೆ ಅರ್ಧ ಬಾಯಲ್ಲೇ ಮಾತಾಡುತ್ತಿದ್ದಳು. ಕಸುಬು ಶುರು ಮಾಡಿದ ಹೊಸತರಲ್ಲಿ, ಗಿರಾಕಿಯೊಬ್ಬಳು ತನ್ನ ಗಂಡ ಪ್ಯಾಂಟು ಹಿಂದುಮುಂದಾಗಿ ಹಾಕಿಕೊಂಡು ಮದುವೆಗೆ ಹೋದ ಕಥೆ ಹೇಳಿದಾಗ ನಕ್ಕು ನಕ್ಕು ಗುಂಡಿ ಒಳಗೆ ಹೋಗಿತ್ತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿ, ನೀರು ಕುಡಿದು, ‘ನುಂಗಿದ್ದು ನಾಳೆ ಹೋಗುತ್ತೆ’ ಎಂದು ಮರೆತುಬಿಟ್ಟಿದ್ದಳು. ಅದು ಎಲ್ಲಿಗೂ ಹೋಗಿರಲಿಲ್ಲ.

ಸೀಸೆ ನೋಡಿ ಟೈಲರಕ್ಕ ಗೊಳೋ ಎಂದು ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡ ಡಾಕ್ಟರು, “ಇನ್ನು ಹಾಯಾಗಿ ಹಾಡಿ,” ಎಂದು ಭುಜ ತಟ್ಟಿ ಹೋದರು. ಅತ್ತೆಯ ಬಾಗಿಲಿಗೆ ಏನು ಹಿಡಿದುಕೊಂಡು ಹೋಗುವುದು? ಟಿಚ್ ಗುಂಡಿಯನ್ನೇ?

ಮನೆಗೆ ಮರಳಿದ ಮೇಲೆ ಅಮ್ಮ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖದಲ್ಲಿ ಆಶ್ಚರ್ಯ ಎಳ್ಳಷ್ಟೂ ಇರಲಿಲ್ಲ.

“ಓಲೆ ಅಲ್ಲ ಅಂತ ನಾನು ಅವತ್ತೇ ಹೇಳ್ಲಿಲ್ವಾ?”

ಟೈಲರಕ್ಕ ಹಾಸಿಗೆಯ ಮೇಲೆ ಎದ್ದು ಕೂತಳು. ಡಾಕ್ಟರಿಗೇ ಗೊತ್ತಿರಲಿಲ್ಲ. ಫೋಟೋದಲ್ಲೂ ಅದೇನೆಂದು ಸ್ಪಷ್ಟವಿರಲಿಲ್ಲ. ಫೋಟೋವನ್ನು ನೋಡಲೂ ಇಲ್ಲದ ಅಮ್ಮ ಅಷ್ಟು ಖಡಾಖಂಡಿತವಾಗಿ ಹೇಳಿದ್ದಳು.

“ನಿಂಗೆ ಹೇಗೆ ಗೊತ್ತಿತ್ತು?” ಎಂದು ಕೇಳಿದಳು.

“ಏನು?”

“ಓಲೆ ಅಲ್ಲ ಅಂತ. ಹೇಗೆ ಗೊತ್ತಿತ್ತಮ್ಮ?”

ಅಮ್ಮ ಸೀಸೆಯ ಮುಚ್ಚಳವನ್ನು ತಿರುಗಿಸಿದಳು, ಬಿಗಿ ಮಾಡಿದಳು, ಮತ್ತೆ ತಿರುಗಿಸಿದಳು.

“ಸಿಕ್ಕಿತ್ತು,” ಎಂದಳು ಕೊನೆಗೆ.

“ಯಾವಾಗ?”

“ಆ ವರ್ಷ ಚಳಿ ಶುರುವಾದಾಗ. ಸ್ವೆಟರು ತೆಗೆದೆ ಪೆಟ್ಟಿಗೆಯಿಂದ. ಕತ್ತಿನ ಹೆಣಿಗೆಯಲ್ಲಿ ಸಿಕ್ಕೊಂಡಿತ್ತು. ಅವತ್ತು ಸ್ನಾನಕ್ಕೆ ಹೋಗುವಾಗ ತಲೆ ಮೇಲಿಂದ ಎಳೆದು ತೆಗೆದಿದ್ದೆನಲ್ಲ, ಆಗಲೇ ಕಿವಿಯಿಂದ ಕಳಚಿಕೊಂಡಿದೆ. ಎರಡೂ ಬಿಚ್ಚಿಟ್ಟೆ ಅಂತ ಆಣೆ ಮಾಡಿದ್ದೆ. ದಿನಾ ಎರಡು ಬಿಚ್ತಿದ್ನಲ್ಲ, ಅವತ್ತೂ ಎರಡು ಬಿಚ್ಚಿದೆ ಅಂದ್ಕೊಂಡೆ. ಬಿಚ್ಚಿದ್ದು ಒಂದೇ.”

ಟೈಲರಕ್ಕನಿಗೆ ಸಿಡಿಲು ಬಡಿದ ಹಾಗಾಯಿತು. ಕೆಲವೇ ತಿಂಗಳು. ಆ ಚಳಿಗಾಲದಲ್ಲೇ ಅತ್ತೆಯನ್ನು ಕರೆದುಕೊಂಡು ಬರಬಹುದಿತ್ತು.

“ಮತ್ತೆ ಯಾಕೆ ಹೇಳ್ಲಿಲ್ಲ?”

“ಯಾವ ಮುಖ ಇಟ್ಕೊಂಡು ಹೇಳ್ಲಿ? ಪೆಟ್ಟಿಗೆ ಸುರಿಸಿದವಳು ನಾನೇ.” ಆಮೇಲೆ, ಯಾರೂ ಕೇಳದಿದ್ದರೂ ಅಮ್ಮನೇ ಮುಂದುವರಿಸಿದಳು. “ಅವಳು ಹೋದ ಮೇಲೆ ಮನೆ ತಣ್ಣಗಿತ್ತು ಪುಟ್ಟಿ. ಅವಳಿದ್ದಾಗ ಬೆಳಗಿಂದ ಸಂಜೆ ತನಕ ಅವಳ ಹಾಡು. ನಿಮ್ಮಪ್ಪ ತಟ್ಟೆ ಮುಂದೆ ಇಟ್ಕೊಂಡು ಉಣ್ಣೋದು ಬಿಟ್ಟು ಕೇಳ್ತಾ ಕೂರೋರು. ನೀನು ನನ್ನ ಮಗಳು, ಅವಳ ಹಿಂದೆ ಹಿಂದೆ ಓಡಾಡ್ತಿದ್ದೆ. ನಾನು ಕರೆದ್ರೆ ಬರ್ತಿರಲಿಲ್ಲ. ಓಲೆ ಸಿಕ್ಕಾಗ ನಂಗೆ ಭಯ ಆಯ್ತು. ಅವಳು ವಾಪಸ್ ಬರ್ತಾಳಲ್ಲ ಅಂತ ಭಯ.”

“ಅಪ್ಪನಿಗೆ?”

“ಹೇಳ್ಲಿಲ್ಲ. ಪುಣ್ಯಾತ್ಮರು ಏನೂ ಗೊತ್ತಿಲ್ಲದೇ ಹೋದ್ರು.” ಅಮ್ಮ ಮಗಳ ಮೊಣಕಾಲು ಹಿಡಿದುಕೊಂಡಳು. “ಇಷ್ಟು ವರ್ಷ ಕಳೀತು. ನಾನಿನ್ನೆಷ್ಟು ದಿನ ಇರ್ತೀನಿ? ಯಾರ ಹತ್ರಾನೂ ಉಸಿರೆತ್ತಬೇಡ.”

ಮಗಳ ಮೌನವೇ ಒಪ್ಪಿಗೆ ಎಂದುಕೊಂಡು ಅಮ್ಮ ಚಹಾ ಮಾಡಲು ಎದ್ದಳು. ಟೈಲರಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ತನ್ನನ್ನು ಹೆತ್ತು ಸಾಕಿದವಳ ಮೇಲೆ ಅವಳಿಗೆ ಅಸಹ್ಯ ಹುಟ್ಟಿತು, ಹುಟ್ಟಿದ್ದಕ್ಕೆ ನಾಚಿಕೆಯೂ ಆಯಿತು. ಅಡುಗೆಮನೆಯಲ್ಲಿ ಲೋಟದ ಸದ್ದು, ಅಮ್ಮನ ಹೆಜ್ಜೆಯ ಸದ್ದು ಎಂದಿನಂತೆಯೇ ಇದ್ದವು.

ಮೈಯಲ್ಲಿ ಶಕ್ತಿ ಬಂದ ಮೊದಲ ದಿನವೇ ಬೆಳಗಿನ ಬಸ್ಸು ಹತ್ತಿದಳು. ಅತ್ತೆ ಒಂದು ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಮಡಚುವ ಕೆಲಸಕ್ಕೆ ಸೇರಿ, ಆ ಲಾಂಡ್ರಿಯ ಹಿಂದಿನ ಒಂಟಿ ಕೋಣೆಯಲ್ಲೇ ವಯಸ್ಸು ಕಳೆದಿದ್ದಳು. ಬಾಗಿಲು ತೆರೆದವಳು ಸಣ್ಣಗೆ, ನೆಟ್ಟಗೆ ಇದ್ದಳು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

“ಪುಟ್ಟಿ ಅಲ್ವಾ? ಅಣ್ಣನ ಮೂಗು. ಬಾ, ಒಳಗೆ ಬಾ.”

ಕೋಣೆಯಲ್ಲಿ ಮಡಚಿಟ್ಟದ್ದೆಲ್ಲ ಅಳತೆ ಹಿಡಿದ ಹಾಗೆ ಇತ್ತು. ಟೈಲರಕ್ಕ ಕುರ್ಚಿಯಲ್ಲಿ ಕೂರಲಿಲ್ಲ, ನೀರು ಕುಡಿಯಲಿಲ್ಲ. ನಿಂತುಕೊಂಡೇ, ತಡವರಿಸುತ್ತ, ಎಕ್ಸ್‌ರೇಯಿಂದ ಹಿಡಿದು ಸ್ವೆಟರಿನವರೆಗೆ ಎಲ್ಲವನ್ನೂ ಒಪ್ಪಿಸಿದಳು. ಅತ್ತೆ ಎದೆ ಬಡಿದುಕೊಳ್ಳುತ್ತಾಳೆ, ಶಾಪ ಹಾಕುತ್ತಾಳೆ, ಇಲ್ಲವೇ ತನ್ನನ್ನು ತಬ್ಬಿಕೊಂಡು ಅಳುತ್ತಾಳೆ ಎಂದು ಬಸ್ಸಿನಲ್ಲಿ ಉದ್ದಕ್ಕೂ ಅಂದುಕೊಂಡು ಬಂದಿದ್ದಳು.

“ಗೊತ್ತು,” ಎಂದಳು ಅತ್ತೆ.

“ಏನು ಗೊತ್ತು?”

“ಓಲೆ ಸಿಕ್ಕಿದ್ದು. ಅಣ್ಣ ಬಂದು ಹೇಳಿದ್ದ.”

ಟೈಲರಕ್ಕ ಆಗ ಕೂತಳು. ಕುರ್ಚಿ ಎಲ್ಲಿದೆ ಎಂದು ಕೂಡ ನೋಡದೆ ಕೂತಳು.

“ಅವಳ ಪೆಟ್ಟಿಗೆಯಲ್ಲಿ ಎರಡು ಓಲೆ ಕಂಡೆ, ನಾನು ಕಂಡಿದ್ದು ಅವಳಿಗೆ ಗೊತ್ತಿಲ್ಲ ಅಂದ. ಇದೇ ಲಾಂಡ್ರಿ ಬಾಗಿಲಲ್ಲಿ ನಿಂತು ಅತ್ತ. ಈಗ ಎಲ್ಲರಿಗೂ ಹೇಳಿದ್ರೆ ಸಂಸಾರ ಒಡೆದುಹೋಗುತ್ತೆ, ಪುಟ್ಟಿ ಚಿಕ್ಕವಳು, ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕ್ಕೋ ತಂಗಿ ಅಂದ.” ಅತ್ತೆ ಮಂಚದ ಮೇಲಿನ ಹೊದಿಕೆಯ ಸುಕ್ಕನ್ನು ಅಂಗೈಯಿಂದ ಸರಿ ಮಾಡಿದಳು. “ಹಾಕ್ಕೊಂಡೆ.”

ಅಪ್ಪ. ತಂಗಿಯನ್ನು ಕಳ್ಳಿ ಎಂದು ನೆಂಟರು ಆಡಿಕೊಳ್ಳುವಾಗ ಎದ್ದು ಹೊರಗೆ ಹೋಗುತ್ತಿದ್ದ ಅಪ್ಪ. ಪಾಪ, ಅವರಿಗೆ ನೋವಾಗುತ್ತೆ ಎಂದು ಟೈಲರಕ್ಕ ಅಂದುಕೊಳ್ಳುತ್ತಿದ್ದಳು. ಅಪ್ಪನಂಥ ಮನುಷ್ಯನಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಗಂಡ ಹೆಂಡತಿ ಒಂದೇ ಮಂಚದಲ್ಲಿ ಮಲಗಿ, ಒಂದೇ ಓಲೆಯನ್ನು ಒಬ್ಬರಿಗೊಬ್ಬರು ತಿಳಿಯದಂತೆ ಬಚ್ಚಿಟ್ಟುಕೊಂಡು, ತನಗೆ ಅನ್ನ ಹಾಕಿ, ಓದಿಸಿ, ಮದುವೆ ಮಾಡಿದ್ದರು.

“ಅತ್ತೆ,” ಎಂದಳು. “ನಾನೂ ಹೊಟ್ಟೆಗೆ ಹಾಕ್ಕೋಬೇಕಾ?”

ಅತ್ತೆ ಅವಳನ್ನು ದಿಟ್ಟಿಸಿ ನೋಡಿದಳು. ಅಲ್ಲಿಯವರೆಗೆ ಸಮವಾಗಿದ್ದ ಅವಳ ದನಿ ಆಗ ಒರಟಾಯಿತು.

“ಬೇಡ. ನಂಗೆ ಸಾಕಾಗಿದೆ. ನನ್ನನ್ನ ಕಳ್ಳಿ ಅಂದವರಲ್ಲಿ ಯಾರ್ಯಾರು ಬದುಕಿದ್ದಾರೋ ಅವರಿಗೆಲ್ಲ ಹೇಳು. ನಾಳೆ ಅಲ್ಲ. ಈಗ, ಇಲ್ಲೇ ಕೂತು, ನಂಗೆ ಕೇಳೋ ಹಾಗೆ ಹೇಳು. ಮೊದಲು ಅವಳಿಂದ ಶುರು ಮಾಡು.”

ಟೈಲರಕ್ಕ ಫೋನು ತೆಗೆದಳು. ಒಂದು ಸಲ ತಪ್ಪು ನಂಬರು ಒತ್ತಿದಳು. ಸ್ಪೀಕರು ಹಾಕಿ ಫೋನನ್ನು ಮಂಚದ ಮೇಲೆ, ಇಬ್ಬರ ನಡುವೆ ಇಟ್ಟಳು.

“ಪುಟ್ಟಿ, ಎಲ್ಲಿದ್ದೀಯ? ಊಟ ಮಾಡ್ದೆ ಹೋಗಿದ್ದೀಯಲ್ಲ?” ಎಂದಿತು ಅಮ್ಮನ ದನಿ.

“ಅತ್ತೆ ಮನೇಲಿದ್ದೀನಿ ಅಮ್ಮ. ಎಲ್ಲಾ ಹೇಳ್ದೆ. ನೆಂಟರಿಗೂ ಹೇಳ್ತೀನಿ. ಇನ್ನೊಂದು ವಿಷಯ.” ಅವಳು ಹೊಟ್ಟೆ ತುಂಬ ಉಸಿರು ಎಳೆದುಕೊಂಡಳು. “ಅಪ್ಪನಿಗೆ ಗೊತ್ತಿತ್ತಂತೆ. ಆಗಿನಿಂದಲೂ ಗೊತ್ತಿತ್ತಂತೆ.”

ಫೋನು ಕಡಿದಿರಲಿಲ್ಲ, ಅಮ್ಮನ ಉಸಿರು ಕೇಳುತ್ತಿತ್ತು. ಲಾಂಡ್ರಿಯ ಯಂತ್ರಗಳು ಗೋಡೆಯ ಆಚೆ ತಿರುಗುತ್ತಲೇ ಇದ್ದವು. ಅತ್ತೆ ಫೋನಿನ ಕಡೆ ನೋಡಲೇ ಇಲ್ಲ, ತನ್ನ ಮಡಿಲಲ್ಲಿದ್ದ ಕೈಗಳನ್ನು ನೋಡುತ್ತಿದ್ದಳು.

“ಅವಳು ಪಕ್ಕದಲ್ಲಿದ್ದಾಳಾ?” ಎಂದು ಅಮ್ಮ ಕೇಳಿದಳು. ಅದು ಅಮ್ಮನ ದನಿಯೆಂದು ನಂಬುವುದು ಕಷ್ಟವಿತ್ತು.

“ಇದ್ದಾರೆ.”

“ಈಗಲೂ ಹಾಡ್ತಾಳಾ ಕೇಳು.”

ಟೈಲರಕ್ಕ ಅತ್ತೆಯ ಮುಖ ನೋಡಿದಳು. ಅತ್ತೆ ತಲೆಯೆತ್ತಲಿಲ್ಲ.

“ಇಲ್ಲ ಅನ್ನು,” ಎಂದಳು. “ಪೆಟ್ಟಿಗೆ ಸುರಿದ ದಿನದಿಂದ ಇಲ್ಲ ಅನ್ನು.”

ಅತ್ತೆ ಹೇಳಿದ್ದು ಅಮ್ಮನಿಗೆ ಕೇಳಿಸಿತ್ತು. ಆದರೂ ಟೈಲರಕ್ಕ ಅದನ್ನು ಪೂರ್ತಿಯಾಗಿ, ನಡುವೆ ಎಲ್ಲೂ ನಿಲ್ಲಿಸದೆ, ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು. ಆಮೇಲೆ ಫೋನು ಕಡಿದು, ದೊಡ್ಡಪ್ಪನ ಮಗಳ ನಂಬರು ಒತ್ತಿದಳು.